ಮೊದಲು ಸಿಕ್ಕ ಡಿಸ್ಕ್ ಯಾವುದು?



ಒಂದು ಲ್ಯಾಬಿನ 30 ಕಂಪ್ಯೂಟರ್‌ಗಳಿಗೆ ಹೊಸದಾಗಿ ಲಿನಕ್ಸ್ ಹಾಕಬೇಕಿದೆ ಎಂದುಕೊಳ್ಳಿ. ಪ್ರತಿಯೊಂದರ ಮುಂದೆಯೂ ಕುಳಿತು ಭಾಷೆ, ಸಮಯ, ಪಾಸ್‌ವರ್ಡ್ ಎಂದು ಉತ್ತರ ಕೊಡುತ್ತ ಹೋದರೆ ದಿನಗಳೇ ಬೇಕು. ಅದಕ್ಕಾಗಿ ನೆಟ್‌ವರ್ಕ್ ಮೂಲಕ ತಾನಾಗಿಯೇ ಇನ್‌ಸ್ಟಾಲ್ ಆಗುವ ಪದ್ಧತಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಆರಂಭವಾದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್‌ನ ಸಾಮರ್ಥ್ಯ 3.3 ಪೆಟಾಫ್ಲಾಪ್ಸ್. ಅನೇಕ ಗಣಕಗಳನ್ನು ಹೆಣೆದು ಕಟ್ಟುವ ಇಂಥ ವ್ಯವಸ್ಥೆಗಳಲ್ಲಿ ಒಂದೊಂದಕ್ಕೂ ಪೆನ್‌ಡ್ರೈವ್ ಹಿಡಿದು ಓಡಾಡಲಾಗದು. ಆದರೆ ಈ ಪದ್ಧತಿಯಲ್ಲಿ ಒಂದು ಅಪಾಯವೂ ಇದೆ. ಯಾವ ಡಿಸ್ಕನ್ನು ಅಳಿಸಬೇಕು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಅದನ್ನೇ.

ಮೊದಲು ಕೆಲಸದ ಕ್ರಮ ನೋಡೋಣ. ಕಂಪ್ಯೂಟರ್ ಆನ್ ಆದ ಕೂಡಲೇ ಪಿಎಕ್ಸ್‌ಇ ಎಂಬ ವಿಧಾನದಿಂದ ಡಿಎಚ್‌ಸಿಪಿ ಸರ್ವರ್ ಅನ್ನು ಕೇಳಿ ಐಪಿ ವಿಳಾಸ ಪಡೆಯುತ್ತದೆ. ಮುಂದೆ ಯಾವ ಕಡತ ತರಬೇಕೆಂಬುದೂ ಆಗಲೇ ತಿಳಿಯುತ್ತದೆ. ಟಿಎಫ್‌ಟಿಪಿ ಮೂಲಕ ಬೂಟ್ ಲೋಡರ್ ಮತ್ತು ಕರ್ನಲ್ ಬರುತ್ತವೆ. ಆಮೇಲೆ ಇನ್‌ಸ್ಟಾಲರ್ ಶುರುವಾಗಿ, ನಾವು ಮೊದಲೇ ಬರೆದಿಟ್ಟ ಉತ್ತರಗಳ ಕಡತವನ್ನು ಓದುತ್ತದೆ. ರೆಡ್ ಹ್ಯಾಟ್ ಮತ್ತು ಫೆಡೋರಾದಲ್ಲಿ ಇದಕ್ಕೆ ಕಿಕ್‌ಸ್ಟಾರ್ಟ್ ಎಂದು ಹೆಸರು, ಡೆಬಿಯನ್‌ನಲ್ಲಿ ಪ್ರಿಸೀಡ್, ಉಬುಂಟು ಸರ್ವರ್‌ನಲ್ಲಿ ಆಟೋಇನ್‌ಸ್ಟಾಲ್.

ಆ ಕಡತದಲ್ಲಿ ‘ಎಸ್‌ಡಿಎ ಡಿಸ್ಕನ್ನು ಅಳಿಸಿ ಹೊಸದಾಗಿ ಭಾಗ ಮಾಡು’ ಎಂದು ಬರೆದಿದ್ದೇವೆ ಎನ್ನೋಣ. ಕಂಪ್ಯೂಟರಿನಲ್ಲಿ ಎರಡು ಡಿಸ್ಕ್ ಇವೆ: ಹೊಸ ಎಸ್‌ಎಸ್‌ಡಿ ಮತ್ತು ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿರುವ ಹಳೆಯ ಹಾರ್ಡ್ ಡಿಸ್ಕ್. ಎಸ್‌ಡಿಎ ಎಂದರೆ ಇವೆರಡರಲ್ಲಿ ಯಾವುದು?

ಹಳೆಯ ಐಡಿಇ ಕಾಲದಲ್ಲಿ ಈ ಪ್ರಶ್ನೆಗೆ ಖಚಿತ ಉತ್ತರವಿತ್ತು. ಎಚ್‌ಡಿಎ ಎಂದರೆ ಮೊದಲ ಕೇಬಲಿನ ಮಾಸ್ಟರ್ ಡಿಸ್ಕ್. ಎಸ್‌ಡಿಎ ಹಾಗಲ್ಲ. ಕರ್ನಲ್‌ಗೆ ಯಾವುದು ಮೊದಲು ಸಿಕ್ಕಿತೋ ಅದು ಎಸ್‌ಡಿಎ, ಎರಡನೆಯದು ಎಸ್‌ಡಿಬಿ. ನಮ್ಮ ಹೂಲಿಯಲ್ಲಿ ಹಳೆಯ ಗುಡಿಗಳು ಅನೇಕ. ‘ಊರಲ್ಲಿ ಮೊದಲು ಸಿಗುವ ಗುಡಿ’ ಎಂದರೆ ಸವದತ್ತಿ ಕಡೆಯಿಂದ ಬಂದವರಿಗೆ ಒಂದು, ಬೇರೆ ದಾರಿಯಿಂದ ಬಂದವರಿಗೆ ಇನ್ನೊಂದು ಆದೀತು. ‘ಪಂಚಲಿಂಗೇಶ್ವರ ಗುಡಿ’ ಎಂದರೆ ಎಲ್ಲಿಂದ ಬಂದರೂ ಅದೊಂದೇ. ಎಸ್‌ಡಿಎ ಎಂಬುದು ಮೊದಲ ಬಗೆಯ ಹೆಸರು. ಇಂದಿನ ಕರ್ನಲ್ ಸಮಯ ಉಳಿಸಲು ಹಲವು ಡಿಸ್ಕ್‌ಗಳನ್ನು ಏಕಕಾಲಕ್ಕೆ ಪರೀಕ್ಷಿಸುತ್ತದೆ. ಹೀಗಾಗಿ ಒಂದೇ ಯಂತ್ರದಲ್ಲಿ ಒಂದು ಸಲ ಬಂದ ಕ್ರಮ ಮರುಸಲ ಬದಲಾಗಬಹುದು. ಯಾರೋ ಮರೆತುಬಿಟ್ಟ ಪೆನ್‌ಡ್ರೈವ್ ಕೂಡ ಎಸ್‌ಡಿಎ ಆಗಬಹುದು.

ಹಾಗಾದರೆ ಕ್ರಮವನ್ನೇ ಹತೋಟಿಗೆ ತರಬಹುದೇ? ಕೆಲವು ಉಪಾಯಗಳಿವೆ, ಪ್ರತಿಯೊಂದಕ್ಕೂ ಮಿತಿ ಇದೆ.

ಒಂದು, ಬಯಾಸ್‌ನಲ್ಲಿ ಬೂಟ್ ಕ್ರಮ ಬದಲಿಸುವುದು. ಬಯಾಸ್ ಯಾವ ಡಿಸ್ಕಿನಿಂದ ಶುರುವಾಗಬೇಕೆಂಬುದು ಇದರಿಂದ ತೀರ್ಮಾನವಾಗುತ್ತದೆ. ಕರ್ನಲ್ ಹೆಸರಿಡುವಾಗ ಈ ಕ್ರಮ ಅನುಸರಿಸುವುದಿಲ್ಲ. ಇನ್‌ಸ್ಟಾಲ್ ಚೆನ್ನಾಗಿ ಮುಗಿದರೂ ಕಂಪ್ಯೂಟರ್ ಬೂಟ್ ಆಗದಿರಲು ಇದೂ ಒಂದು ಕಾರಣ: ಬೂಟ್ ಲೋಡರ್ ಒಂದು ಡಿಸ್ಕಿನಲ್ಲಿ, ಬಯಾಸ್ ಹುಡುಕುವುದು ಇನ್ನೊಂದರಲ್ಲಿ.

ಎರಡು, ಬೇಡವಾದ ಡ್ರೈವರ್ ಲೋಡ್ ಆಗದಂತೆ ಬೂಟ್ ಸಾಲಿನಲ್ಲೇ ತಡೆಯುವುದು. ಯುಎಸ್‌ಬಿ ಸ್ಟೋರೇಜ್ ಡ್ರೈವರನ್ನು ತಡೆದರೆ ಪೆನ್‌ಡ್ರೈವ್ ಇನ್‌ಸ್ಟಾಲರ್‌ಗೆ ಕಾಣುವುದೇ ಇಲ್ಲ. ಕಾಣದ ಡಿಸ್ಕನ್ನು ಅದು ಅಳಿಸಲಾರದು. ಆದರೆ ನಮ್ಮ ಉದಾಹರಣೆಯ ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಎರಡೂ ಒಂದೇ ಸಾಟಾ ಕಂಟ್ರೋಲರ್‌ಗೆ ಜೋಡಿಸಿದ್ದರೆ ಎರಡಕ್ಕೂ ಡ್ರೈವರ್ ಒಂದೇ. ಅದನ್ನು ತಡೆದರೆ ಎರಡೂ ಹೋದವು.

ಮೂರು, ಡಿಸ್ಕ್ ಹುಡುಕಾಟವನ್ನು ಒಂದಾದ ಮೇಲೊಂದರಂತೆ ಮಾಡು ಎಂದು ಕರ್ನಲ್‌ಗೆ ಹೇಳುವುದು. ಕ್ರಮ ಸ್ವಲ್ಪ ಸ್ಥಿರವಾಗಬಹುದು. ಆದರೂ ಕೇಬಲ್ ಅದಲುಬದಲಾದರೆ ಹೆಸರೂ ಅದಲುಬದಲು.

ಆದ್ದರಿಂದ ಕ್ರಮದ ಬೆನ್ನುಹತ್ತುವ ಬದಲು ಡಿಸ್ಕನ್ನು ಗುರುತಿನಿಂದ ಹಿಡಿಯುವುದು ಮೇಲು. ಲಿನಕ್ಸಿನ ಯುಡೆವ್ ಪ್ರತಿ ಡಿಸ್ಕಿಗೂ ಇನ್ನಷ್ಟು ಹೆಸರುಗಳನ್ನು ಇಡುತ್ತದೆ. ‘ಬೈ-ಐಡಿ’ ಹೆಸರಿನಲ್ಲಿ ಸಾಮಾನ್ಯವಾಗಿ ಮಾದರಿ ಮತ್ತು ಸೀರಿಯಲ್ ಸಂಖ್ಯೆ ಇರುತ್ತವೆ. ‘ಬೈ-ಪಾತ್’ ಹೆಸರಿನಲ್ಲಿ ಡಿಸ್ಕನ್ನು ಯಾವ ಪೋರ್ಟಿಗೆ ಜೋಡಿಸಿದೆ ಎಂಬುದಿರುತ್ತದೆ. ‘ಯುಯುಐಡಿ’ ಇರುವುದು ಫೈಲ್ ಸಿಸ್ಟಮ್‌ಗೆ. ಫಾರ್ಮ್ಯಾಟ್ ಮಾಡಿದಾಗ ಅದು ಹೊಸದಾಗಿ ಹುಟ್ಟುತ್ತದೆ. ಹಾಗಾಗಿ ಖಾಲಿ ಡಿಸ್ಕನ್ನು ಆರಿಸಲು ಅದು ಉಪಯೋಗಕ್ಕೆ ಬಾರದು.

ಒಂದೇ ಸರ್ವರ್ ಆದರೆ ಬೈ-ಐಡಿ ಸಾಕು. 30 ಕಂಪ್ಯೂಟರ್‌ಗಳಲ್ಲಿ 30 ಸೀರಿಯಲ್ ಸಂಖ್ಯೆಗಳಿರುತ್ತವೆ, ಕಡತ ಮಾತ್ರ ಒಂದೇ. ಎಲ್ಲವೂ ಒಂದೇ ಮಾದರಿಯವಾಗಿ, ಎಸ್‌ಎಸ್‌ಡಿ ಎಲ್ಲದರಲ್ಲೂ ಅದೇ ಪೋರ್ಟಿನಲ್ಲಿದ್ದರೆ ಬೈ-ಪಾತ್ ಅನುಕೂಲ. ಕಿಕ್‌ಸ್ಟಾರ್ಟಿನ ‘ಇಗ್ನೋರ್‌ಡಿಸ್ಕ್’ ಆಜ್ಞೆಯಲ್ಲಿ ‘ಓನ್ಲಿ-ಯೂಸ್’ ಎಂದು ಈ ಹೆಸರು ಕೊಟ್ಟರೆ ಇನ್‌ಸ್ಟಾಲರ್ ಉಳಿದ ಡಿಸ್ಕ್‌ಗಳನ್ನು ಬಿಟ್ಟುಬಿಡುತ್ತದೆ. ಉಬುಂಟುವಿನಲ್ಲಿ ‘ಮ್ಯಾಚ್’ ಎಂಬಲ್ಲಿ ಸೀರಿಯಲ್ ಸಂಖ್ಯೆ, ಗಾತ್ರ, ಎಸ್‌ಎಸ್‌ಡಿ ಹೌದೋ ಅಲ್ಲವೋ ಎಂದು ಲಕ್ಷಣ ಹೇಳಬಹುದು.

ಯಂತ್ರಗಳು ಬೇರೆ ಬೇರೆ ಮಾದರಿಯವಾದರೆ ಇನ್‌ಸ್ಟಾಲ್‌ಗೆ ಮುಂಚೆ ಓಡುವ ಸಣ್ಣ ಸ್ಕ್ರಿಪ್ಟ್ ಬರೆಯಬೇಕು. ಕಿಕ್‌ಸ್ಟಾರ್ಟಿನಲ್ಲಿ ಅದಕ್ಕೆ ‘ಪ್ರಿ’ ಭಾಗ, ಪ್ರಿಸೀಡಿನಲ್ಲಿ ‘ಅರ್ಲಿ ಕಮಾಂಡ್’. ಸ್ಕ್ರಿಪ್ಟ್ ಪ್ರತಿ ಡಿಸ್ಕನ್ನೂ ನೋಡಿ ಮೂರು ಪ್ರಶ್ನೆ ಕೇಳಲಿ: ಇದು ತೆಗೆದುಹಾಕಬಹುದಾದದ್ದೇ? ಎಸ್‌ಎಸ್‌ಡಿಯೇ? ಗಾತ್ರ ನಾವು ಹೇಳಿದ ಮಿತಿಯಲ್ಲಿದೆಯೇ? ಮೂರಕ್ಕೂ ಸರಿಹೊಂದುವ ಡಿಸ್ಕ್ ಒಂದೇ ಒಂದು ಸಿಕ್ಕರೆ ಮುಂದುವರಿಯಲಿ. ಒಂದೂ ಸಿಗದಿದ್ದರೆ, ಎರಡು ಸಿಕ್ಕರೆ, ಅಲ್ಲೇ ನಿಲ್ಲಲಿ. ಈ ‘ನಿಲ್ಲು’ ಎಂಬ ಸಾಲೇ ಸ್ಕ್ರಿಪ್ಟಿನ ಬಹುಮುಖ್ಯ ಸಾಲು. ನಿಂತ ಯಂತ್ರವನ್ನು ಹತ್ತು ನಿಮಿಷದಲ್ಲಿ ಸರಿಮಾಡಬಹುದು, ಅಳಿಸಿಹೋದ ಪ್ರಾಜೆಕ್ಟನ್ನು ಮರಳಿ ತರುವುದು ಕಷ್ಟ.

ಇಷ್ಟಾದರೂ ಇನ್‌ಸ್ಟಾಲ್‌ಗೆ ಮುಂಚೆ ಬ್ಯಾಕಪ್ ಇರಲೇಬೇಕು. ಮೊದಲು ಒಂದೇ ಯಂತ್ರದ ಮೇಲೆ ಪ್ರಯೋಗ ಮಾಡಿ. ಸಾಧ್ಯವಿದ್ದರೆ ಕಂಪ್ಯೂಟರ್ ಆರಿಸಿ ಹಳೆಯ ಡಿಸ್ಕಿನ ಕೇಬಲನ್ನೇ ಬಿಚ್ಚಿಡಿ. ಇನ್ನೊಬ್ಬರ ಡಿಸ್ಕಿನಲ್ಲಿರುವ ಮಾಹಿತಿ ನಮ್ಮ ಕೈಗೆ ಬಂದ ಅಮಾನತ್, ಅದನ್ನು ಕಾಯುವುದು ನಮ್ಮ ಹೊಣೆ.

ಕೊನೆಗೊಂದು ಅಭ್ಯಾಸ. ಲ್ಯಾಬಿನ ಲಿನಕ್ಸ್ ಕಂಪ್ಯೂಟರಿನಲ್ಲಿ ‘ಎಲ್‌ಎಸ್‌ಬಿಎಲ್‌ಕೆ’ ಆಜ್ಞೆ ಕೊಟ್ಟು ಡಿಸ್ಕ್‌ಗಳ ಹೆಸರು, ಗಾತ್ರ, ಮಾದರಿ ಬರೆದುಕೊಳ್ಳಿ. ಪೆನ್‌ಡ್ರೈವ್ ಹಾಕಿ, ರೀಸ್ಟಾರ್ಟ್ ಮಾಡಿ, ಮತ್ತೆ ಬರೆದುಕೊಳ್ಳಿ. ಎರಡೂ ಸಲ ಬೈ-ಐಡಿ ಹೆಸರುಗಳನ್ನೂ ಪಕ್ಕದಲ್ಲಿ ಬರೆಯಿರಿ. ಯಾವುದು ಬದಲಾಯಿತು, ಯಾವುದು ಉಳಿಯಿತು ಎಂಬುದನ್ನು ಮುಂದಿನ ಪ್ರಾಕ್ಟಿಕಲ್ ತರಗತಿಯಲ್ಲಿ ಚರ್ಚಿಸೋಣ.