ಮೆಟ್ಟಿಲಿನ ರೇಲಿಂಗ್: ಗೋವಾದಲ್ಲಿ ಮನೆ ಕಟ್ಟುವವರಿಗೆ ಅಳತೆ ಪಾಠ

ವಾಸ್ಕೋ ಸುತ್ತಿನ ಝುವಾರಿನಗರ, ಮಾಂಗೋರ್ ಹಿಲ್‌ನಂಥ ಕಡೆ ಹೊರಮೆಟ್ಟಿಲಿನ ಮನೆಗಳು ಸಾಕಷ್ಟಿವೆ. ಗೋವಾದ ಮಳೆಗಾಲದಲ್ಲಿ ಆ ಮೆಟ್ಟಿಲುಗಳಿಗೆ ಪಾಚಿ ಕಟ್ಟುತ್ತದೆ. ಕಾಲು ಜಾರಿದಾಗ ಕೈಗೆ ಸಿಗಬೇಕಾದ ರೇಲಿಂಗನ್ನು ಮಾತ್ರ ‘ದುಡ್ಡು ಉಳಿದರೆ ನೋಡೋಣ’ ಎಂದು ಕೊನೆಗೆ ತಳ್ಳುತ್ತೇವೆ. ಮೆಟ್ಟಿಲಿಗೆ ಕಾಂಕ್ರೀಟ್ ಬೀಳುವ ಮೊದಲೇ ಅದು ತೀರ್ಮಾನವಾಗಬೇಕು.

ಮೊದಲ ಕೆಲಸ ನಕ್ಷೆಯದು. ಇಲ್ಲಿ ಅನ್ವಯಿಸುವುದು 2010ರ ಗೋವಾ ಭೂ ಅಭಿವೃದ್ಧಿ ಮತ್ತು ಕಟ್ಟಡ ನಿರ್ಮಾಣ ನಿಯಮಾವಳಿ. ಪಂಚಾಯಿತಿ ಅಥವಾ ನಗರಸಭೆಗೆ ಅರ್ಜಿ ಹೋಗುವ ಮುನ್ನ ಎಂಜಿನಿಯರ್ ಹತ್ತಿರ ಕೂತು, ಮೆಟ್ಟಿಲಿನ ಸೆಕ್ಷನ್ನಿನಲ್ಲೇ ರೇಲಿಂಗಿನ ಎತ್ತರ ಬರೆಸಿ.

ಎಷ್ಟು ಎತ್ತರ? ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಅಗ್ನಿಸುರಕ್ಷತಾ ಭಾಗ ಹೇಳುವುದು 1,000 ಮಿ.ಮೀ. ಮೆಟ್ಟಿಲಿನ ಹಾಸಿನ ನಡುಭಾಗದಿಂದ ಕಂಬಿಯ ಮೇಲಂಚಿನವರೆಗೆ ಅಳೆಯಬೇಕು. ಎಡವಟ್ಟಾಗುವುದು ಇಲ್ಲಿಯೇ: ವೆಲ್ಡಿಂಗಿನವರು ಬರಿ ಕಾಂಕ್ರೀಟಿನಿಂದ ಅಳೆದು ಹೋಗುತ್ತಾರೆ, ಆಮೇಲೆ ಗಾರೆ, ಗ್ರಾನೈಟು ಕೂತು ರೇಲಿಂಗ್ ಗಿಡ್ಡವಾಗುತ್ತದೆ. ಹಾಸುಕಲ್ಲಿನ ದಪ್ಪವನ್ನು ಮೊದಲೇ ಸೇರಿಸಿ ಹೇಳಿ. ರೇಲಿಂಗ್ ಕೂತ ಮೇಲೆ ಓಡಾಡುವ ಅಗಲವೂ ಕಡಿಮೆಯಾಗಬಾರದು. ಇದೂ ಸಂಹಿತೆಯ ಮಾತೇ.

ಎತ್ತರ ಸರಿಯಿದ್ದು ಹಿಡಿತವೇ ಸಿಗದಿದ್ದರೆ ಏನು ಬಂತು? ದಪ್ಪ ಚೌಕ ಪೈಪು ನೋಡಲು ಗಟ್ಟಿ, ಆದರೆ ಅಜ್ಜಿಯ ಬೆರಳು ಅದರ ಸುತ್ತ ಬರುವುದಿಲ್ಲ. ಹಿರಿಯರು, ಅಂಗವಿಕಲರಿಗಾಗಿ ಸಂಹಿತೆ ಸೂಚಿಸುವ 38ರಿಂದ 45 ಮಿ.ಮೀ. ವ್ಯಾಸದ ದುಂಡು ಕಂಬಿಯೇ ಎಲ್ಲರಿಗೂ ಒಳ್ಳೆಯದು. ಗೋಡೆಯಿಂದ 50 ಮಿ.ಮೀ. ಬಿಡಿ. ಮೇಲೆ, ಕೆಳಗೆ ಕೊನೆಯ ಮೆಟ್ಟಿಲು ದಾಟಿ 300 ಮಿ.ಮೀ. ಮುಂದಕ್ಕೆ ಚಾಚಿಸಿ.

ಮಕ್ಕಳಿರುವ ಮನೆಗೆ ಅಡ್ಡಪಟ್ಟಿಯ ವಿನ್ಯಾಸ ಬೇಡವೇ ಬೇಡ, ಏಣಿಯಂತೆ ಹತ್ತುತ್ತಾರೆ. ನೆಟ್ಟಗಿನ ಸರಳುಗಳೇ ಇರಲಿ. ಅವುಗಳ ನಡುವೆ 100 ಮಿ.ಮೀ. ಚೆಂಡು ತೂರಬಾರದೆಂಬುದು ಬ್ರಿಟನ್ನಿನ ನಿಯಮ, ಅದನ್ನೇ ಪಾಲಿಸಿ.

ಸಮುದ್ರದ ಉಪ್ಪುಗಾಳಿಗೆ 304 ದರ್ಜೆಯ ಸ್ಟೀಲಿನ ಮೇಲೂ ಕಂದು ಕಲೆ ಬರುತ್ತದೆ. ಕಡಲಿಗೆ ಹತ್ತಿರವಿದ್ದರೆ ತುಸು ದುಬಾರಿಯಾದರೂ 316 ಕೇಳಿ, ಬಿಲ್ಲಿನಲ್ಲಿ ಬರೆಸಿ. ಚಿರೇಕಲ್ಲಿನ ಗೋಡೆಗೆ ನೇರವಾಗಿ ಬೋಲ್ಟ್ ಹೊಡೆಸಬೇಡಿ, ಕಲ್ಲು ಪುಡಿಯಾಗಿ ಸಡಿಲವಾಗುತ್ತದೆ. ಕಂಬಗಳು ಕಾಂಕ್ರೀಟಿನಲ್ಲೇ ಕೂರಬೇಕು.

ಕೊನೆಯ ಕಂತು ಕೊಡುವ ಮೊದಲು ಪ್ರತಿ ಕಂಬವನ್ನೂ ಎರಡು ಕೈಯಿಂದ ಜಗ್ಗಿ ನೋಡಿ. ಅಲ್ಲಾಡಿದರೆ ಬಿಚ್ಚಿಸಿ ಮತ್ತೆ ಕೂರಿಸಿ.