ಗಾಡಿ ನೆಟ್ಟಗೆ ನಿಲ್ಲಲಿ

ಈಗ ಯಾವ ಬೀದಿಗೆ ಹೋದರೂ ಮನೆ ಮುಂದೆ ಬೈಕು ಕಾಣುತ್ತದೆ. ಬೈಕು ಇಲ್ಲದಿದ್ದರೆ ಒಂದು ಟಿವಿಎಸ್ ಗಾಡಿ. ಹೊಲದಿಂದ ಹುಲ್ಲು ಬರುವುದು ಅದರ ಮೇಲೆ. ಡೈರಿಗೆ ಹಾಲು ಹೋಗುವುದು ಅದರ ಮೇಲೆ. ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಓಡುವುದೂ ಅದರ ಮೇಲೆಯೇ.

ಗಾಡಿ ಓಡಿಸುವವರು ಯಾರಾದರೂ ಇರಲಿ. ತೊಳೆಯುವವರು ಯಾರು? ಆಯುಧಪೂಜೆಯ ಬೆಳಿಗ್ಗೆ ಬಕೆಟ್ಟು, ಬಟ್ಟೆ ಹಿಡಿದು ನಿಲ್ಲುವವರು ಯಾರು? ಎಷ್ಟೋ ಮನೆಗಳಲ್ಲಿ ನಾವೇ, ಹೆಂಗಸರೇ. ಆದರೆ ತೊಳೆಯುವಾಗ ಗಾಡಿಯನ್ನು ಹೇಗೆ ನಿಲ್ಲಿಸಬೇಕು ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ. "ಹಿಡ್ಕೊಂಡಿರು, ಬಂದೆ" ಅಂತ ಹೇಳಿ ಗಾಡಿಯನ್ನು ನಮ್ಮ ಕೈಗೆ ಕೊಟ್ಟು ಹೋಗುತ್ತಾರೆ. ಗಾಡಿ ವಾಲುತ್ತದೆ. ನಾವೂ ಅದರ ಜೊತೆ ವಾಲುತ್ತೇವೆ.

ಗಾಡಿಯ ತೂಕ ಎಷ್ಟು ಗೊತ್ತೆ? ಒಂದು ಸಿಮೆಂಟ್ ಚೀಲ 50 ಕಿಲೋ. ನಮ್ಮ ಕಡೆ ಹೆಚ್ಚಾಗಿ ಕಾಣುವ ಸ್ಪ್ಲೆಂಡರ್ ಬೈಕು ಸುಮಾರು 110 ಕಿಲೋ. ಅಂದರೆ ಎರಡು ಚೀಲ ಸಿಮೆಂಟಿಗಿಂತ ಹೆಚ್ಚು. ಬುಲೆಟ್ ಗಾಡಿಯಂತೂ ನಾಲ್ಕು ಚೀಲದ ಹತ್ತಿರ ಹತ್ತಿರ ಬರುತ್ತದೆ. ಇಷ್ಟು ಭಾರವನ್ನು ಯಾರ ತೋಳೂ ಬಹಳ ಹೊತ್ತು ಹಿಡಿಯಲಾರದು. ಗಂಡಸರ ತೋಳೂ ಅಷ್ಟೆ. ಭಾರವನ್ನು ಸ್ಟ್ಯಾಂಡು ಹೊರಬೇಕು. ಸ್ಟ್ಯಾಂಡನ್ನು ನೆಲ ಹೊರಬೇಕು. ನಮ್ಮ ಕೈ ದಾರಿ ತೋರಿಸಿದರೆ ಸಾಕು.

ಎರಡು ಸ್ಟ್ಯಾಂಡು

ಗಾಡಿಗೆ ಸಾಮಾನ್ಯವಾಗಿ ಎರಡು ಸ್ಟ್ಯಾಂಡು ಇರುತ್ತವೆ. ಎಡಗಡೆ ಒಂಟಿ ಕಾಲಿನದು ಸೈಡ್ ಸ್ಟ್ಯಾಂಡ್. ಇದರ ಮೇಲೆ ಗಾಡಿ ಎಡಕ್ಕೆ ವಾಲಿ ನಿಲ್ಲುತ್ತದೆ. ಅಂಗಡಿ ಮುಂದೆ ಐದು ನಿಮಿಷ ನಿಲ್ಲಿಸುವುದಕ್ಕೆ ಇದು ಸರಿ. ನಡುವೆ ಎರಡು ಕಾಲಿನದು ಇರುತ್ತದೆ. ಅದನ್ನು ಡಬಲ್ ಸ್ಟ್ಯಾಂಡ್ ಅನ್ನುತ್ತೇವೆ. ಇದರ ಮೇಲೆ ಗಾಡಿ ನೆಟ್ಟಗೆ ನಿಲ್ಲುತ್ತದೆ. ತೊಳೆಯುವುದಕ್ಕೆ, ಚೈನು ಒರೆಸುವುದಕ್ಕೆ, ಆಯಿಲ್ ನೋಡುವುದಕ್ಕೆ ಡಬಲ್ ಸ್ಟ್ಯಾಂಡೇ ಬೇಕು.

ಮೊದಲು ಜಾಗ ನೋಡಿ. ಸಗಣಿ ಸಾರಿಸಿದ ಅಂಗಳ ಒಣಗಿದಾಗ ಗಟ್ಟಿಯಾಗಿ ಕಾಣುತ್ತದೆ. ನಾಲ್ಕು ಬಕೆಟ್ ನೀರು ಬಿದ್ದ ಮೇಲೆ? ಅದೇ ನೆಲ ಮೆತ್ತಗಾಗುತ್ತದೆ. ಸ್ಟ್ಯಾಂಡಿನ ಕಾಲು ನಿಧಾನವಾಗಿ ಒಳಗೆ ಇಳಿಯುತ್ತದೆ. ನಾವು ಆ ಕಡೆ ಕೂತು ಚಕ್ರ ಉಜ್ಜುತ್ತಿರುತ್ತೇವೆ, ನಮಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಸಿಮೆಂಟ್ ನೆಲ ಇದ್ದರೆ ಅಲ್ಲಿ ನಿಲ್ಲಿಸಿ. ಇಲ್ಲದಿದ್ದರೆ ಸ್ಟ್ಯಾಂಡಿನ ಕೆಳಗೆ ಅಗಲವಾದ ಚಪ್ಪಡಿ ಕಲ್ಲು ಹಾಕಿ. ಕಲ್ಲು ಅಲ್ಲಾಡಬಾರದು. ಇಳಿಜಾರಿನಲ್ಲಿ ಬೇಡವೇ ಬೇಡ.

ಆಮೇಲೆ ನಮ್ಮ ಬಟ್ಟೆ. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ನೆರಿಗೆ ಸ್ವಲ್ಪ ಎತ್ತಿ ಕಟ್ಟಿ. ತಾಳಿ ಸರ ರವಿಕೆಯ ಒಳಗೆ ಇರಲಿ. ಜಡೆ ಮೇಲಕ್ಕೆ ಕಟ್ಟಿ. ಬರಿಗಾಲಿನಲ್ಲಿ ಸ್ಟ್ಯಾಂಡ್ ತುಳಿಯಬೇಡಿ. ಕಾಲಿನಲ್ಲಿ ಗಟ್ಟಿ ಚಪ್ಪಲಿ ಇರಲಿ, ಒದ್ದೆ ಹವಾಯಿ ಚಪ್ಪಲಿ ಜಾರುತ್ತದೆ.

ಡಬಲ್ ಸ್ಟ್ಯಾಂಡ್ ಹಾಕುವ ಬಗೆ

ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿ. ಕೀಲಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಗಾಡಿ ನ್ಯೂಟ್ರಲ್‌ನಲ್ಲಿ ಇರಲಿ. ಸೈಡ್ ಸ್ಟ್ಯಾಂಡ್ ಕೆಳಗೇ ಇರಲಿ. ನಡುವೆ ಕೈ ಸೋತು ಗಾಡಿ ನಮ್ಮ ಕಡೆ ವಾಲಿದರೆ ಅದು ಹಿಡಿದುಕೊಳ್ಳುತ್ತದೆ.

ಗಾಡಿಯ ಎಡಗಡೆ ನಿಲ್ಲಿ. ನಮ್ಮ ಊರುಗಳ ಬೈಕುಗಳಲ್ಲಿ ಸೈಲೆನ್ಸರ್ ಹೆಚ್ಚಾಗಿ ಬಲಗಡೆ ಇರುತ್ತದೆ. ಎಡಗಡೆ ನಿಂತರೆ ಕಾಲು ಸುಡುವ ಭಯ ಇಲ್ಲ. ಎಡಗೈಯಲ್ಲಿ ಹ್ಯಾಂಡಲ್ ಹಿಡಿಯಿರಿ. ಬಲಗೈಯಲ್ಲಿ ಸೀಟಿನ ಹಿಂದಿನ ಕಂಬಿ ಹಿಡಿಯಿರಿ. ಹ್ಯಾಂಡಲ್ ನೇರ ಮಾಡಿ. ಗಾಡಿಯನ್ನು ನೆಟ್ಟಗೆ ಮಾಡಿ.

ಈಗ ಬಲಗಾಲಿನಲ್ಲಿ ಡಬಲ್ ಸ್ಟ್ಯಾಂಡಿನ ಕಡ್ಡಿಯನ್ನು ಮೆಲ್ಲಗೆ ಕೆಳಗೆ ತುಳಿಯಿರಿ. ಸ್ಟ್ಯಾಂಡಿನ ಎರಡು ಕಾಲೂ ನೆಲ ಮುಟ್ಟಬೇಕು. ಮುಟ್ಟಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ? ಗಾಡಿಯನ್ನು ಕೂದಲೆಳೆಯಷ್ಟು ಆ ಕಡೆ ಈ ಕಡೆ ಅಲ್ಲಾಡಿಸಿ. ಟಕ್ ಟಕ್ ಅಂತ ಎರಡು ಕಾಲೂ ತಾಗುವುದು ಕಾಲಿಗೇ ತಿಳಿಯುತ್ತದೆ. ಒಂದೇ ಕಾಲು ತಾಗಿದಾಗ ಒತ್ತಿದರೆ ಗಾಡಿ ಆ ಕಡೆಗೆ ಉರುಳುತ್ತದೆ. ಇಲ್ಲಿ ಅವಸರ ಬೇಡ. ಇದೇ ಮುಖ್ಯವಾದ ಗಳಿಗೆ.

ಎರಡೂ ತಾಗಿದ ಮೇಲೆ ಮೈಯ ಭಾರವನ್ನೆಲ್ಲ ಬಲಗಾಲಿನ ಮೇಲೆ ಬಿಡಿ. ಕಡ್ಡಿಯ ಮೇಲೆ ನಿಂತುಬಿಟ್ಟ ಹಾಗೆ. ಗಾಡಿ ತಾನಾಗಿ ಹಿಂದಕ್ಕೆ ಸರಿದು ಸ್ಟ್ಯಾಂಡ್ ಮೇಲೆ ಏರುತ್ತದೆ. ಬಲಗೈ ಜೊತೆಯಲ್ಲಿ ಹೋದರೆ ಸಾಕು. ಬೆನ್ನು ಬಗ್ಗಿಸಿ, ಉಸಿರು ಬಿಗಿಹಿಡಿದು ಎತ್ತಬೇಡಿ. ಎತ್ತುವುದರಿಂದಲೇ ಸೊಂಟ ಹಿಡಿಯುವುದು. ಏತದ ಮೇಲೆ ನಡೆದು ನೀರೆತ್ತುತ್ತಿದ್ದ ಕಾಲವನ್ನು ನಮ್ಮ ಅಜ್ಜಿಯರು ಕಂಡಿದ್ದಾರೆ. ಅಲ್ಲಿಯೂ ಕೆಲಸ ಮಾಡುತ್ತಿದ್ದುದು ಮೈಯ ಭಾರವೇ.

ಮುಂದಿನ ಚಕ್ರದ ಮುಂದೆ ಒಂದು ಅಡ್ಡ ಕಲ್ಲು ಇಡಿ. ಡಬಲ್ ಸ್ಟ್ಯಾಂಡ್ ಬಿಚ್ಚಿಕೊಳ್ಳುವುದು ಗಾಡಿ ಮುಂದಕ್ಕೆ ಸರಿದಾಗ. ಕಲ್ಲಿದ್ದರೆ ಅದು ಸರಿಯುವುದಿಲ್ಲ.

ಬಸುರಿಯರು, ಬಾಣಂತಿಯರು, ಹೊಟ್ಟೆಯ ಆಪರೇಷನ್ ಆಗಿ ಇನ್ನೂ ಚೇತರಿಸಿಕೊಳ್ಳುತ್ತಿರುವವರು ಈ ಕೆಲಸಕ್ಕೆ ಹೋಗಬಾರದು. ಮನೆಯವರಿಗೆ ಹೇಳಿ. ನಾಚಿಕೆ ಏಕೆ? ಗಾಡಿ ಒಂದು ದಿನ ಕೊಳೆಯಾಗಿದ್ದರೆ ಏನೂ ಆಗುವುದಿಲ್ಲ.

ಈಗ ಬರುವ ಕೆಲವು ಬೈಕುಗಳಿಗೆ ಡಬಲ್ ಸ್ಟ್ಯಾಂಡ್ ಇಲ್ಲ. ಸೈಡ್ ಸ್ಟ್ಯಾಂಡ್ ಮೇಲೇ ತೊಳೆಯಬೇಕಾದರೆ ಗಾಡಿಯನ್ನು ಒಂದನೇ ಗೇರಿಗೆ ಹಾಕಿ. ಆಗ ಚಕ್ರ ಉರುಳುವುದಿಲ್ಲ. ಹಿಂದಿನ ಚಕ್ರದ ಹಿಂದೆ ಮುಂದೆ ಕಲ್ಲು ಕೊಡಿ. ಎಡಗಡೆ ಕೂರಬೇಡಿ, ಗಾಡಿ ವಾಲಿರುವುದು ಆ ಕಡೆಗೇ. ಗೋಡೆಗೆ ಒರಗಿಸುವುದು, ಇಟ್ಟಿಗೆ ಜೋಡಿಸಿ ಅದರ ಮೇಲೆ ಕೂರಿಸುವುದು, ಒಬ್ಬರು ಹಿಡಿದುಕೊಂಡು ಇನ್ನೊಬ್ಬರು ತೊಳೆಯುವುದು, ಇವು ಮೂರೂ ಬೇಡ.

ತೊಳೆಯುವಾಗ

ಈಗಷ್ಟೇ ಓಡಿ ಬಂದ ಗಾಡಿಗೆ ನೀರು ಹಾಕಬೇಡಿ. ಅರ್ಧ ಗಂಟೆಯಾದರೂ ಆರಲಿ. ಕಾದ ಸೈಲೆನ್ಸರ್ ನೋಡಲು ತಣ್ಣಗಿದ್ದ ಹಾಗೇ ಇರುತ್ತದೆ. ಅದಕ್ಕೇ ಮಕ್ಕಳ ಮೀನಖಂಡದ ಮೇಲೆ ಅಷ್ಟು ಸುಟ್ಟ ಗುರುತು. ಸುಟ್ಟರೆ ತಣ್ಣೀರನ್ನು 20 ನಿಮಿಷ ಮೇಲಿಂದ ಹರಿಸುತ್ತಲೇ ಇರಿ. ಪೇಸ್ಟು, ಇಂಕು, ಅರಿಶಿನ ಹಚ್ಚಬೇಡಿ. ಬೊಬ್ಬೆ ಒಡೆಯಬೇಡಿ. ದೊಡ್ಡ ಗಾಯವಾದರೆ ಆಸ್ಪತ್ರೆಗೆ ಹೋಗಿ.

ಮಕ್ಕಳ ಮಾತು ಬಂದದ್ದರಿಂದ ಇನ್ನೊಂದು. ನಿಂತ ಗಾಡಿ ಮಕ್ಕಳಿಗೆ ಕುದುರೆ. ಹತ್ತಿ ಕೂತು ಹ್ಯಾಂಡಲ್ ಜಗ್ಗುತ್ತವೆ. ಅದು ಮಗುವಿನ ಮೇಲೆ ಉರುಳಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ತೊಳೆಯುವಾಗ ಮಕ್ಕಳನ್ನು ದೂರ ಕಳಿಸಿ. ಜಗುಲಿಯಲ್ಲಿ ರಾತ್ರಿ ನಿಲ್ಲಿಸುವಾಗಲೂ ಗಾಡಿಯ ಪಕ್ಕದಲ್ಲಿ ಮಗುವಿನ ಹಾಸಿಗೆ ಬೇಡ.

ಈಗ ಚೈನು. ಮನೆಯಲ್ಲಿ ಬೆರಳು ಕಳೆದುಕೊಳ್ಳುವ ಜಾಗ ಇದೇ. ಕೆಲವರು ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ಶುರು ಮಾಡಿ, ಚಕ್ರ ತಿರುಗುತ್ತಿರುವಾಗಲೇ ಚೈನಿಗೆ ಬಟ್ಟೆ ಹಿಡಿಯುತ್ತಾರೆ. ಬೇಗ ಆಗುತ್ತದೆ ಎಂದು. ಬಟ್ಟೆ ಹಲ್ಲಿನ ಚಕ್ರಕ್ಕೆ ಸಿಕ್ಕಿದರೆ ಬೆರಳನ್ನೂ ಎಳೆದುಕೊಂಡೇ ಹೋಗುತ್ತದೆ. ಕೈ ಹಿಂದಕ್ಕೆ ತೆಗೆಯಲು ಸಮಯವೇ ಸಿಗುವುದಿಲ್ಲ. ಯಾರೇ ಹೇಳಲಿ, ಮೆಕ್ಯಾನಿಕ್ಕೇ ಹಾಗೆ ಮಾಡುತ್ತಿರಲಿ, ನೀವು ಮಾಡಬೇಡಿ.

ಇಂಜಿನ್ ನಿಂತಿರಲಿ, ಕೀಲಿ ನಿಮ್ಮ ಹತ್ತಿರ ಇರಲಿ. ಕೈಯಿಂದ ಚಕ್ರವನ್ನು ಗೇಣಿನಷ್ಟು ತಿರುಗಿಸಿ. ನಿಲ್ಲಿಸಿ. ಚೈನಿನ ಕೆಳಗಿನ ಸಾಲನ್ನು, ಹಲ್ಲಿನ ಚಕ್ರದಿಂದ ದೂರವಾಗಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಮತ್ತೆ ತಿರುಗಿಸಿ. ಮತ್ತೆ ನಿಲ್ಲಿಸಿ. ಒಂದು ಕೈ ತಿರುಗಿಸುತ್ತಿರುವಾಗ ಇನ್ನೊಂದು ಕೈ ಚೈನಿನ ಹತ್ತಿರ ಇರಬಾರದು. ಚೈನು ಪೂರ್ತಿ ಕವರಿನ ಒಳಗೆ ಇದ್ದರೆ ಅದನ್ನು ಬಿಚ್ಚಲು ಹೋಗಬೇಡಿ.

ಹಿಂದಿನ ಚಕ್ರದ ಪಕ್ಕದಲ್ಲಿ ಒಂದು ಕಂಬಿಯ ಜಾಲರಿ ಇರುತ್ತದೆ. ಅದೇ ಸೀರೆ ಗಾರ್ಡ್. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದಿರಲೆಂದು ಇಂಥ ತಡೆ ಇರಲೇಬೇಕು ಎಂದು ಕೇಂದ್ರ ಸರ್ಕಾರದ 1989ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಹಿಂದಿನ ಚಕ್ರದ ಅರ್ಧದಷ್ಟನ್ನಾದರೂ ಅದು ಮುಚ್ಚಬೇಕು. ಕೆಲವು ಹುಡುಗರು ಅಂದಕ್ಕೆ ಅಡ್ಡ ಎಂದು ಅದನ್ನು ಕಿತ್ತು ಹಾಕಿಸುತ್ತಾರೆ. ಅವರು ಸೀರೆ ಉಡುವುದಿಲ್ಲವಲ್ಲ! ತೊಳೆಯುವಾಗ ಜಾಲರಿಯ ನಟ್ಟು ಸಡಿಲವಾಗಿದೆಯೇ ಎಂದು ಕೈಯಿಂದ ಅಲ್ಲಾಡಿಸಿ ನೋಡಿ. ಕಿತ್ತಿದ್ದರೆ ಮತ್ತೆ ಹಾಕಿಸಿ ಎಂದು ಗಟ್ಟಿಯಾಗಿ ಕೇಳಿ.

ಬ್ರೇಕಿಗೆ, ಟೈರಿಗೆ ಎಣ್ಣೆ ತಾಗಬಾರದು. ತೊಳೆದ ಮೇಲೆ ಬ್ರೇಕು ಒದ್ದೆ ಇರುತ್ತದೆ, ಸರಿಯಾಗಿ ಹಿಡಿಯುವುದಿಲ್ಲ. ಓಡಿಸುವವರಿಗೆ ಹೇಳಿ: ಮೊದಲು ನಿಧಾನವಾಗಿ ಹೋಗಿ, ಎರಡು ಮೂರು ಸಲ ಬ್ರೇಕು ಒತ್ತಿ ನೋಡಿ.

ಇಂಜಿನ್ ಆಯಿಲ್ ನೋಡುವಾಗಲೂ ಗಾಡಿ ಸಮನೆಲದಲ್ಲಿ ನೆಟ್ಟಗೆ ನಿಂತಿರಬೇಕು. ಓರೆಯಾಗಿ ಹಿಡಿದ ಚೊಂಬಿನಲ್ಲಿ ನೀರು ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಕಾಣುವುದಿಲ್ಲವೇ? ಸೈಡ್ ಸ್ಟ್ಯಾಂಡಿನಲ್ಲಿ ಆಯಿಲ್ ಕೂಡ ಹಾಗೇ ತಪ್ಪು ಲೆಕ್ಕ ಹೇಳುತ್ತದೆ.

ಗಾಡಿ ಬೀಳತೊಡಗಿದರೆ

ಬಿಟ್ಟುಬಿಡಿ. ಕೈ ಬಿಟ್ಟು ಹಿಂದಕ್ಕೆ ಸರಿಯಿರಿ. "ಅಯ್ಯೋ, ಬಿದ್ದರೆ ಯಜಮಾನರು ಬೈತಾರೆ" ಎಂದು ಹಿಡಿಯಲು ಹೋಗುವವರಿದ್ದಾರೆ. ಒಡೆದ ಇಂಡಿಕೇಟರ್ ಅಂಗಡಿಯಲ್ಲಿ ಸಿಗುತ್ತದೆ. ಮುರಿದ ಕಾಲಿಗೆ ತಿಂಗಳುಗಟ್ಟಲೆ ಕೂಲಿ ಹೋಗುತ್ತದೆ. ಈ ಮಾತನ್ನು ಮನೆಯಲ್ಲಿ ಮೊದಲೇ ಆಡಿಕೊಂಡಿರುವುದು ಒಳ್ಳೆಯದು.

ಬಿದ್ದ ಗಾಡಿಯಿಂದ ಪೆಟ್ರೋಲು ಸೋರಬಹುದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೇ ಹರಿದು ಒಲೆಯ ತನಕ ಹೋಗುತ್ತದೆ. ಆದ್ದರಿಂದ ಒಲೆ ಆರಿಸಿ. ಬೀಡಿ, ಊದುಬತ್ತಿ ಹತ್ತಿರ ಬೇಡ. ಕೀಲಿ ತೆಗೆಯಿರಿ. ಪೆಟ್ರೋಲಿನ ತಿರುಪು ಇರುವ ಗಾಡಿಯಾದರೆ ಅದನ್ನು ಮುಚ್ಚಿ. ಆಮೇಲೆ ಎತ್ತುವ ಮಾತು. ಬಲಕ್ಕೆ ಬಿದ್ದಿದ್ದರೆ ಮೊದಲು ಸೈಡ್ ಸ್ಟ್ಯಾಂಡ್ ಬಿಡಿಸಿ, ಇಲ್ಲದಿದ್ದರೆ ಎತ್ತಿದ ಗಾಡಿ ಆ ಕಡೆಗೆ ಬೀಳುತ್ತದೆ. ಇಬ್ಬರಾದರೂ ಸೇರಿ. ಮಂಡಿ ಬಗ್ಗಿಸಿ, ಬೆನ್ನು ನೇರ ಇಟ್ಟು, ಕಾಲಿನ ಶಕ್ತಿಯಿಂದ ಎತ್ತಿ. ತುಂಬಿದ ಬಿಂದಿಗೆ ಎತ್ತುವಾಗ ಮಾಡುತ್ತೇವಲ್ಲ, ಹಾಗೆ.

ಅಭ್ಯಾಸ

1. ನಿಮ್ಮ ಮನೆಯ ಗಾಡಿಯನ್ನು, ಇಲ್ಲದಿದ್ದರೆ ಪಕ್ಕದ ಮನೆಯ ಗಾಡಿಯನ್ನು ನೋಡಿ. ಅದಕ್ಕೆ ಡಬಲ್ ಸ್ಟ್ಯಾಂಡ್ ಇದೆಯೇ? ಸೀರೆ ಗಾರ್ಡ್ ಇದೆಯೇ? ಪುಸ್ತಕದಲ್ಲಿ ಬರೆಯಿರಿ.

2. ಡಬಲ್ ಸ್ಟ್ಯಾಂಡ್ ಹಾಕುವುದನ್ನು ಇಬ್ಬರು ಸೇರಿ ಮಾಡಿ ನೋಡಿ. ಒಬ್ಬರು ಪಾಠವನ್ನು ಗಟ್ಟಿಯಾಗಿ ಓದಲಿ. ಇನ್ನೊಬ್ಬರು ಅದರಂತೆ ಮಾಡಲಿ. ಪಾಠ ಓದುವವರು ಬಲಗಡೆ ನಿಲ್ಲಬಾರದು. ಏಕೆ?

3. ಆಯಿಲ್ ಬದಲಿಸಿದ ದಿನ ಮೀಟರಿನಲ್ಲಿ 21,800 ಇತ್ತು. ಈಗ 24,350 ಇದೆ. ಗಾಡಿ ಎಷ್ಟು ಕಿಲೋಮೀಟರ್ ಓಡಿದೆ? ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಎಷ್ಟಕ್ಕೆ ಬದಲಿಸಬೇಕು ಎಂದಿದೆ? ಮನೆಯವರಿಂದ ಪುಸ್ತಕ ಕೇಳಿ ಪಡೆದು ನೋಡಿ.