ಹೊಗೆಸೊಪ್ಪು ಮತ್ತು ಸಂತಾನ ನಿಯಂತ್ರಣ ಗುಳಿಗೆ

ಮಕ್ಕಳ ನಡುವೆ ಅಂತರವಿರಿಸಲು ಬಯಸುವ ದಂಪತಿಗಳಿಗೆ ನುಂಗುವ ಗುಳಿಗೆಯು ಸರಳವೂ ಪರಿಣಾಮಕಾರಿಯೂ ಆದ ವಿಧಾನವಾಗಿದೆ. ಅದನ್ನು ನೀಡುವ ಮುನ್ನ ವೈದ್ಯರು ಒಂದು ಪ್ರಶ್ನೆ ಕೇಳುತ್ತಾರೆ: "ತಾಯಿ, ಬೀಡಿ, ಸಿಗರೇಟು ಸೇದುವ ಅಭ್ಯಾಸವುಂಟೇ? ಹೊಗೆಸೊಪ್ಪು, ಕಡ್ಡಿಪುಡಿ ಹಾಕುತ್ತೀರಾ?" ಅತ್ತೆಯೋ ಪತಿಯೋ ಪಕ್ಕದಲ್ಲಿದ್ದರೆ ಅನೇಕ ತಾಯಂದಿರು ಸಂಕೋಚದಿಂದ ಇಲ್ಲವೆಂದುಬಿಡುತ್ತಾರೆ. ಈ ಪ್ರಶ್ನೆ ನಿಮ್ಮ ನಡತೆಯನ್ನು ಅಳೆಯಲು ಕೇಳಿದ್ದಲ್ಲ. ನಿಮ್ಮ ಜೀವರಕ್ಷಣೆಯು ಅದರ ಉತ್ತರವನ್ನು ಅವಲಂಬಿಸಿದೆ.

ಗುಳಿಗೆಯಲ್ಲಿ ಏನಿದೆ?

ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವ ಮಾಲಾ-ಎನ್ ಪಟ್ಟಿಯಲ್ಲಿ 28 ಗುಳಿಗೆಗಳಿರುತ್ತವೆ. ಅವುಗಳಲ್ಲಿ 21 ಹಾರ್ಮೋನಿನವು. ಉಳಿದ 7 ಕಬ್ಬಿಣಾಂಶದವು. ಹಾರ್ಮೋನುಗಳು ಅಂಡಾಣು ಬಿಡುಗಡೆಯಾಗದಂತೆ ತಡೆಯುತ್ತವೆ. ಆದರೆ ಇವುಗಳಲ್ಲಿ ಒಂದಾದ ಈಸ್ಟ್ರೋಜನ್, ರಕ್ತ ಹೆಪ್ಪುಗಟ್ಟುವ ಗುಣವನ್ನು ತುಸು ಹೆಚ್ಚಿಸುತ್ತದೆ. ಆರೋಗ್ಯವಂತ ಯುವತಿಯರಿಗೆ ಇದರಿಂದ ತೊಂದರೆಯಾಗುವುದು ಬಹಳ ಅಪರೂಪ.

ಹೊಗೆಯೂ ಸೇರಿದರೆ?

ಹೊಗೆಯಲ್ಲಿರುವ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ರಕ್ತದೊತ್ತಡವನ್ನು ಏರಿಸುತ್ತದೆ. ಹೊಗೆಯ ಇತರ ವಿಷಗಳು ನಾಳದ ಒಳಗೋಡೆಯನ್ನು ಕೆಡಿಸುತ್ತವೆ. ಕಿರಿದಾದ ಕಾಲುವೆಯಲ್ಲಿ ಹೂಳೂ ತುಂಬಿದರೆ ನೀರಿನ ಹರಿವು ನಿಲ್ಲುವಂತೆ, ಕುಗ್ಗಿದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ ಅಥವಾ ಪಾರ್ಶ್ವವಾಯು ಸಂಭವಿಸಬಹುದು. ವಯಸ್ಸು ಹೆಚ್ಚಿದಂತೆ ಈ ಅಪಾಯವೂ ಹೆಚ್ಚುತ್ತದೆ.

ಆದುದರಿಂದ ವಿಶ್ವ ಆರೋಗ್ಯ ಸಂಸ್ಥೆಯು ಹೀಗೆ ಸೂಚಿಸಿದೆ: 35 ವರ್ಷ ತುಂಬಿದ ಮಹಿಳೆ ದಿನಕ್ಕೆ 15 ಅಥವಾ ಹೆಚ್ಚು ಸಿಗರೇಟು ಸೇದುತ್ತಿದ್ದರೆ ಈ ಗುಳಿಗೆಯನ್ನು ಕೊಡಲೇಬಾರದು, ಅದಕ್ಕಿಂತ ಕಡಿಮೆ ಸೇದಿದರೂ ಸಾಮಾನ್ಯವಾಗಿ ಕೊಡತಕ್ಕದ್ದಲ್ಲ. 35ಕ್ಕಿಂತ ಕಿರಿಯರಿಗೆ ಸಾಮಾನ್ಯವಾಗಿ ಕೊಡಬಹುದು. ಬೀಡಿ ಚಿಕ್ಕದೆಂದು ನಿರ್ಲಕ್ಷಿಸಬೇಡಿ. ಅದರ ಹೊಗೆ ಸಿಗರೇಟಿನದಕ್ಕಿಂತ ಸೌಮ್ಯವಾದುದಲ್ಲ.

ಎಲೆ-ಅಡಿಕೆಯೊಡನೆ ಹೊಗೆಸೊಪ್ಪು ಹಾಕುವವರಿಗೆ ಈ ನಿಯಮ ನೇರವಾಗಿ ಅನ್ವಯಿಸದು. ಆದರೂ ನಿಕೋಟಿನ್ ಬಾಯಿಯ ಮೂಲಕವೂ ರಕ್ತವನ್ನು ಸೇರುತ್ತದೆ. ಆದ್ದರಿಂದ ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳಿ. ಅದು 140/90 ಅಥವಾ ಹೆಚ್ಚಿದ್ದರೆ ಈ ಗುಳಿಗೆ ಸಾಮಾನ್ಯವಾಗಿ ತಕ್ಕುದಲ್ಲ.

ಬೇರೆ ಮಾರ್ಗಗಳು

ವೈದ್ಯರ ಸಲಹೆ ಪಡೆದು ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು:

1. ಕಾಪರ್-ಟಿ: ಇದರಲ್ಲಿ ಹಾರ್ಮೋನು ಇಲ್ಲ. 380-ಎ ಎಂಬುದು 10 ವರ್ಷ ರಕ್ಷಣೆ ನೀಡುತ್ತದೆ.
2. ಛಾಯಾ ಗುಳಿಗೆ: ಇದರಲ್ಲಿ ಈಸ್ಟ್ರೋಜನ್ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಅನಂತರ ವಾರಕ್ಕೊಂದು ಸಲ ನುಂಗಬೇಕು.
3. ಅಂತರಾ ಚುಚ್ಚುಮದ್ದು: ಮೂರು ತಿಂಗಳಿಗೊಮ್ಮೆ.
4. ನಿರೋಧ್: ಪ್ರತಿಸಲವೂ ತಪ್ಪದೆ ಬಳಸಬೇಕು.
5. ಮಕ್ಕಳು ಸಾಕೆನಿಸಿದಾಗ ಪತಿಯು ಹೊಲಿಗೆಯಿಲ್ಲದ ವ್ಯಾಸೆಕ್ಟಮಿ ಮಾಡಿಸಿಕೊಳ್ಳಬಹುದು. ಇದರಿಂದ ದುಡಿಯುವ ಶಕ್ತಿಯಾಗಲಿ, ಪುರುಷತ್ವವಾಗಲಿ ಕುಂದುವುದಿಲ್ಲ. ಅನಂತರ ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಬೇಕು.

ಈಗಾಗಲೇ ಗುಳಿಗೆ ಸೇವಿಸುತ್ತಿರುವವರು ಬೇರೆ ವಿಧಾನವನ್ನು ಆರಂಭಿಸದೆ ಸುಮ್ಮನೆ ಬಿಟ್ಟುಬಿಟ್ಟರೆ ಗರ್ಭ ನಿಲ್ಲಬಹುದೆಂಬುದನ್ನು ಮರೆಯಬಾರದು. ಎದೆನೋವು, ಉಸಿರು ಕಟ್ಟುವಿಕೆ, ತೀವ್ರ ತಲೆನೋವು, ದೃಷ್ಟಿ ಮಂಜಾಗುವುದು, ಒಂದೇ ಕಾಲಿನ ಮೀನಖಂಡದಲ್ಲಿ ನೋವು-ಬಾವು ಕಂಡರೆ ಮಾತ್ರ ಗುಳಿಗೆಯನ್ನು ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ.

ಮುಟ್ಟು ನಿಂತ ಮೇಲೆ

ಮುಟ್ಟು ನಿಲ್ಲುವ ಕಾಲದ ಮೈಬಿಸಿ, ಬೆವರುಗಳಿಗೆ ವೈದ್ಯರು ಹಾರ್ಮೋನು ಚಿಕಿತ್ಸೆ ಸೂಚಿಸುವುದುಂಟು. ನುಂಗಿದ ಈಸ್ಟ್ರೋಜನ್ ಮೊದಲು ಯಕೃತ್ತಿಗೆ ಹೋಗಿ, ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಚರ್ಮಕ್ಕೆ ಅಂಟಿಸುವ ಪಟ್ಟಿ ಅಥವಾ ಹಚ್ಚುವ ಜೆಲ್ ನೇರವಾಗಿ ರಕ್ತ ಸೇರುವುದರಿಂದ ಆ ಅಪಾಯ ಕಡಿಮೆ. ಹೊಗೆ ಸೇದುವವರು ಅದನ್ನು ವೈದ್ಯರಿಗೆ ತಿಳಿಸಿದರೆ ತಕ್ಕ ವಿಧಾನ ಆರಿಸಲು ಅನುಕೂಲವಾಗುತ್ತದೆ.

ಪತಿಯ ಹೊಣೆ

ಮನೆಯೊಳಗೆ ಪತಿ ಸೇದುವ ಬೀಡಿಯ ಹೊಗೆ ಗರ್ಭಿಣಿಗೂ ಹಸುಗೂಸಿಗೂ ಹಾನಿಕರ. ಹೊಗೆಸೊಪ್ಪು ಯಾವ ರೂಪದಲ್ಲಿದ್ದರೂ ಗರ್ಭಿಣಿಯು ಬಳಸಿದರೆ ಕಡಿಮೆ ತೂಕದ ಮಗು ಹುಟ್ಟಬಹುದು. ದಂಪತಿಗಳಿಬ್ಬರೂ ಒಂದೇ ದಿನ ನಿಶ್ಚಯಿಸಿ ಈ ಚಟವನ್ನು ತ್ಯಜಿಸಿರಿ. ನೆರವಿಗೆ 1800-11-2356 ಎಂಬ ಉಚಿತ ದೂರವಾಣಿ ಸಂಖ್ಯೆ ಇದೆ.

ನಿಮಗೆ ತಕ್ಕ ವಿಧಾನ ಖಂಡಿತ ಉಂಟು. ವೈದ್ಯರಲ್ಲಿ ನಿಜವನ್ನು ಹೇಳಿ, ಇಬ್ಬರೂ ಕೂಡಿ ಆರಿಸಿಕೊಳ್ಳಿರಿ.